ಮಹಾರಾಯ್ತಿಗೆ ತೊಡಿಸಿದ ಉಂಗುರ

ಗೂಬೆಯನ್ನು ‘ಅದು’ ಎನ್ನಬೇಕು. ಇದು ಚಿಕ್ಕ ಮಕ್ಕಳಿಗೂ ಗೊತ್ತಿರುವ ವ್ಯಾಕರಣ. ಮನುಷ್ಯರಿಗೆ ಅವನು, ಅವಳು. ಮಿಕ್ಕ ಪ್ರಾಣಿ ಪಕ್ಷಿ, ಮೇಜು ಕುರ್ಚಿಗಳಿಗೆಲ್ಲ ಅದು, ಇದು. ಸ್ಟೋರಣ್ಣ ಈ ಒಂದು ನಿಯಮವನ್ನು ಪಾಲಿಸಿದ್ದರೆ ಅವನ ಷಡ್ಡಕನ ಹೊಸ ಕೋಟು ಹರಿಯುತ್ತಿರಲಿಲ್ಲ, ಮನೆಯ ಓನರಮ್ಮ ಮರದ ಬುಡದಲ್ಲಿ ಕೂತು ಬೊಬ್ಬೆ ಹೊಡೆಯುತ್ತಿರಲಿಲ್ಲ, ಅವನೂ ಹೆಂಡತಿಯ ಕೈಯ ಚಹಾ ಇಲ್ಲದೆ ಒದ್ದಾಡುತ್ತಿರಲಿಲ್ಲ. ಪಾಲಿಸಲಿಲ್ಲ, ಅನುಭವಿಸಿದ.

ಸ್ಟೋರಣ್ಣ ಎಂದರೆ ಕೆರೆಯಾಚೆಯ ನಿಸರ್ಗ ಅಧ್ಯಯನ ಕೇಂದ್ರದ ಸ್ಟೋರ್ ಕೀಪರ್. ದುರ್ಬೀನು, ಹಗ್ಗ, ಟಾರ್ಚು, ರಬ್ಬರ್ ಬೂಟು, ತಕ್ಕಡಿ ಇವನ್ನೆಲ್ಲ ಬೇಕಾದವರಿಗೆ ಕೊಡುವುದು, ವಾಪಸು ಬಂದಾಗ ಎಣಿಸಿ ಒಳಗಿಡುವುದು ಅವನ ಉದ್ಯೋಗ. ಕೊಟ್ಟದ್ದು ಎಂದೂ ಪೂರ್ತಿ ವಾಪಸು ಬಂದದ್ದಿಲ್ಲ. ಎಡಗಾಲಿನ ಬೂಟುಗಳು ಮಾತ್ರ ಉಳಿದುಕೊಂಡಿವೆಯಲ್ಲ ಎಂದು ಯಾರಾದರೂ ಕೇಳಿದರೆ ಅವನದು ಒಂದೇ ಉತ್ತರ: “ಎಲ್ಲಾದಕ್ಕೂ ನನ್ನ ತಲೆ ಮೇಲೇ ಗೂಬೆ ಕೂರಿಸ್ತೀರಲ್ಲ!” ಮನೆಯಲ್ಲಿ ಹಾಲು ಉಕ್ಕಿದರೂ ಇದೇ ಮಾತು, ನಲ್ಲಿ ಸೋರಿದರೂ ಇದೇ ಮಾತು. ಅವನ ಹೆಂಡತಿಗೆ ಕೇಳಿ ಕೇಳಿ ಸಾಕಾಗಿತ್ತು. “ಕೂರಿಸೋಕೆ ನಿಮ್ಮ ತಲೆ ಮೇಲೆ ಜಾಗ ಎಲ್ಲಿದೆ? ಆಗ್ಲೇ ಭರ್ತಿಯಾಗಿದೆ” ಎನ್ನುತ್ತಿದ್ದಳು.

ಶರತ್ಕಾಲ ಬಂತೆಂದರೆ ಕೇಂದ್ರದಲ್ಲಿ ಮದುವೆ ಮನೆಯ ಗಡಿಬಿಡಿ. ಮರಗಳೆಲ್ಲ ಹಳದಿ ಕೆಂಪಾಗಿ ಎಲೆ ಉದುರಿಸತೊಡಗುತ್ತವೆ. ಎಲ್ಲಿಂದಲೋ ಹಾರಿಬಂದ ಬಾತುಗಳು ದಬದಬನೆ ಕೆರೆಗೆ ಬೀಳುತ್ತವೆ. ಅಳಿಲುಗಳು ಸಿಕ್ಕಸಿಕ್ಕಲ್ಲಿ ನೆಲ ಕೆದಕಿ ಕಾಯಿ ಹೂತಿಟ್ಟು, ಎಲ್ಲಿಟ್ಟೆವೆಂದು ಮರೆತು, ಪೆಚ್ಚಾಗಿ ಕೂರುತ್ತವೆ. ಈ ವಿಷಯದಲ್ಲಿ ಅಳಿಲುಗಳಿಗೂ ಸ್ಟೋರಣ್ಣನಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಕೇಂದ್ರದವರು ಹಗಲೆಲ್ಲ ಬಾತು ಎಣಿಸುತ್ತಾರೆ, ಖಾಲಿಯಾದ ಗೂಡುಪೆಟ್ಟಿಗೆಗಳನ್ನು ಇಳಿಸಿ ತೊಳೆಯುತ್ತಾರೆ. ಮುಸ್ಸಂಜೆಯಾದ ಕೂಡಲೆ ಮರಗಳ ನಡುವೆ ಕಣ್ಣಿಗೆ ಕಾಣದಷ್ಟು ತೆಳ್ಳನೆಯ ಬಲೆ ಕಟ್ಟಿ ಗೂಬೆ ಹಿಡಿಯುತ್ತಾರೆ. ಹಿಡಿದದ್ದನ್ನು ತಿನ್ನುವುದಿಲ್ಲ, ಮಾರುವುದಿಲ್ಲ. ತೂಗಿ, ರೆಕ್ಕೆ ಅಳೆದು, ಕಾಲಿಗೆ ಒಂದು ಉಂಗುರ ತೊಡಿಸಿ ಬಿಟ್ಟುಬಿಡುತ್ತಾರೆ. ಉಂಗುರದ ಮೇಲೆ ನಂಬರು ಕೊರೆದಿರುತ್ತದೆ. ಅದರ ಒಂದು ಕಡೆ ಬಾಯಿ ಬಿಟ್ಟಿರುತ್ತದೆ. ಕಾಲಿಗೆ ಸಿಕ್ಕಿಸಿ ಇಕ್ಕಳದಲ್ಲಿ ಅದುಮಿದರೆ ಮುಚ್ಚಿಕೊಳ್ಳುತ್ತದೆ.

ಕೇಂದ್ರದ ನಿರ್ದೇಶಕರು ದೊಡ್ಡ ವಿದ್ವಾಂಸರು. ಮನುಷ್ಯರ ಮುಖ ಅವರಿಗೆ ನೆನಪಿರುವುದಿಲ್ಲ, ಹಕ್ಕಿಗಳ ಮುಖ ಮರೆಯುವುದಿಲ್ಲ. ಹೆಣ್ಣು ಹಕ್ಕಿಗಳೆಲ್ಲ ಅವರ ಪಾಲಿಗೆ ಮನೆಯ ಹೆಣ್ಣುಮಕ್ಕಳು. “ನಮ್ಮ ಹುಡುಗೀರು ಈ ಸಲ ತಡವಾಗಿ ಬಂದ್ರು” ಎಂದರೆ ಬಾತುಗಳು ಎಂದು ತಿಳಿಯಬೇಕು. ಅವರ ಜೊತೆ ವರ್ಷಗಟ್ಟಲೆ ಇದ್ದು ಸ್ಟೋರಣ್ಣನ ನಾಲಗೆಗೂ ಆ ಜಾಡ್ಯ ಅಂಟಿಕೊಂಡಿತ್ತು.

ಈ ಶರತ್ಕಾಲದಲ್ಲಿ ಉಂಗುರ ಹಾಕುವ ಸಹಾಯಕ ಎಲೆಗಳ ಮೇಲೆ ಜಾರಿ ಕಾಲು ಉಳುಕಿಸಿಕೊಂಡ. ನಿರ್ದೇಶಕರು ಸ್ಟೋರಿನ ಬಾಗಿಲಿಗೆ ಬಂದು, “ರೀ, ನಿಮ್ಮ ಕೈ ನಡುಗುತ್ತಾ?” ಎಂದು ಕೇಳಿದರು.

“ಇಲ್ಲ ಸಾರ್. ಯಾಕೆ, ಏನಾದ್ರೂ ಕಳೆದುಹೋಗಿದ್ಯಾ?”

“ಇಲ್ಲಪ್ಪ. ನಾಳೆಯಿಂದ ನೀವೇ ಉಂಗುರ ಹಾಕಿ.”

ಅಂದಿನಿಂದ ಸ್ಟೋರಣ್ಣ ನೆಲದಿಂದ ನಾಲ್ಕು ಬೆರಳು ಮೇಲೆ ನಡೆಯತೊಡಗಿದ. ವಾರವಿಡೀ ಸಣ್ಣಪುಟ್ಟ ಗೂಬೆಗಳಿಗೆ ಉಂಗುರ ತೊಡಿಸಿದ. ಅಷ್ಟರಲ್ಲಿ ಒಂದು ದಿನ ನಿರ್ದೇಶಕರು ಅವನನ್ನು ಬೂಟುಗಳ ರಾಶಿಯ ಹಿಂದಕ್ಕೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದರು. ಎಷ್ಟೋ ವರ್ಷಗಳಿಂದ ಈ ಕಡೆ ಸುಳಿಯದಿದ್ದ ಒಂದು ಜಾತಿಯ ದೊಡ್ಡ ಗೂಬೆ ಕೆರೆಯ ಪಕ್ಕದ ತೋಪಿಗೆ ಬಂದಿದೆ. ಹೆಣ್ಣು. ಕೋಳಿ ಗಾತ್ರ, ರಾಣಿ ಠೀವಿ. ನಿರ್ದೇಶಕರು ಆಗಲೇ ಮಹಾರಾಯ್ತಿ ಎಂದು ಹೆಸರಿಟ್ಟಿದ್ದರು.

“ಸುದ್ದಿ ಹೊರಗೆ ಹೋದ್ರೆ ಊರಿಗೂರೇ ಕ್ಯಾಮರಾ ಹಿಡ್ಕೊಂಡು ಬರುತ್ತೆ. ಅವಳು ಓಡಿಹೋಗ್ತಾಳೆ. ಇದು ನಿಮ್ಮ ಹೊಟ್ಟೇಲೇ ಇರಬೇಕು. ಹೆಂಡತಿಗೂ ಹೇಳಕೂಡದು.”

“ಪ್ರಾಣ ಹೋದ್ರೂ ಬಾಯಿ ಬಿಡಲ್ಲ ಸಾರ್” ಎಂದ ಸ್ಟೋರಣ್ಣ. ಅವನನ್ನು ನಂಬಿ ಯಾರೂ ಇದುವರೆಗೆ ಒಂದು ಗುಟ್ಟು ಹೇಳಿರಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು.

ಈಗ ಇನ್ನೊಂದು ಉಂಗುರದ ವಿಷಯಕ್ಕೆ ಬರಬೇಕು. ಆ ಬೇಸಗೆಯಲ್ಲಿ ಸ್ಟೋರಣ್ಣನ ಹೆಂಡತಿಯ ಬೆರಳಿಗೆ ಕಣಜ ಕಚ್ಚಿತ್ತು. ಬೆರಳು ಊದಿಕೊಂಡು, ಮದುವೆಯ ಉಂಗುರ ಮಾಂಸದಲ್ಲಿ ಹೂತುಹೋಗಿ, ಕೊನೆಗೆ ಆಸ್ಪತ್ರೆಯ ನರ್ಸಮ್ಮ ಅದನ್ನು ಕತ್ತರಿಸಿ ತೆಗೆದಿದ್ದಳು. ಅಕ್ಕಸಾಲಿಗನ ಹತ್ತಿರ ಬೆಸೆಸಿಕೊಂಡು ಬನ್ನಿ ಎಂದು ಹೆಂಡತಿ ಅಂದಿನಿಂದ ಹೇಳುತ್ತಿದ್ದಳು. ನಾಳೆ ನಾಳೆ ಎಂದು ಸ್ಟೋರಣ್ಣ ಇಡೀ ಮಳೆಗಾಲ ಕಳೆದಿದ್ದ. ಆ ಉಂಗುರ ಸಾಮಾನ್ಯದ್ದಲ್ಲ. ಅವನು ತಾನೇ ಆರಿಸಿ, ಹೆಂಡತಿಗೆ ಅಳತೆ ಸರಿಯಾಗಿ ತಂದ ಒಂದೇ ಒಂದು ವಸ್ತು ಅದು. ಆಮೇಲೆ ತಂದ ಚಪ್ಪಲಿ ದೊಡ್ಡದು, ಸ್ವೆಟರ್ ಚಿಕ್ಕದು, ಬಳೆ ಕೈಗೇ ಏರಲಿಲ್ಲ.

ಅಂದು ಬೆಳಗ್ಗೆ ಅವಳೇ ಬಾಯಿ ಬಿಟ್ಟ ಆ ಚಿನ್ನದ ಉಂಗುರವನ್ನು ಅವನ ಅಂಗಿಯ ಜೇಬಿಗೆ ಹಾಕಿ ಮೇಲಿನಿಂದ ತಟ್ಟಿದಳು. “ಇವತ್ತು ಮರೆತ್ರೆ ನೋಡಿ. ಬೆರಳು ಬೋಳಾಗಿ ನನಗೆ ಒಂಥರಾ ಆಗುತ್ತೆ.” ಜೊತೆಗೆ ತಾನೇ ಹೆಣೆದ ಉಣ್ಣೆಯ ಟೋಪಿಯನ್ನೂ ಅವನ ತಲೆಗೆ ಒತ್ತಿದಳು. ಬೂದು ಬಣ್ಣದ ಟೋಪಿ, ನೆತ್ತಿಯ ಮೇಲೆ ಒಂದು ದಪ್ಪ ಕುಚ್ಚು.

ಸಂಜೆ ಬಲೆಯ ಹತ್ತಿರ ನಿರ್ದೇಶಕರು ಆ ಟೋಪಿ ನೋಡಿ ಹೌಹಾರಿದರು. “ಮೊದಲು ಅದನ್ನ ತೆಗೀರಿ ಮಾರಾಯ್ರೆ. ಆ ಕುಚ್ಚು ಥೇಟ್ ಇಲಿ ಥರ ಕಾಣುತ್ತೆ.” ಅವನು ತೆಗೆದು ಬ್ಯಾಗಿಗೆ ತುರುಕಿದ. ನಿರ್ದೇಶಕರು ದೊಡ್ಡ ಗೂಬೆಗೆಂದು ತರಿಸಿದ ಉಂಗುರವನ್ನು ಕೊಟ್ಟರು. “ಹೆಂಗಸರ ಬೆರಳಿನ ಅಳತೆ ಇದೆ ನೋಡಿ. ಇವಳ ಕಾಲಿಗೆ ಇಷ್ಟು ಬೇಕು.” ಅವನು ಅದರ ನಂಬರನ್ನು ಗಟ್ಟಿಯಾಗಿ ಓದಿದ, ನಿರ್ದೇಶಕರು ಬರೆದುಕೊಂಡರು. ಆಮೇಲೆ ಅದನ್ನು ಜೋಪಾನವಾಗಿ ಅಂಗಿಯ ಜೇಬಿಗೆ ಹಾಕಿಕೊಂಡ. ಜೇಬಿನಲ್ಲಿ ಅದಕ್ಕೆ ಜೊತೆಯಿತ್ತು.

ಮಹಾರಾಯ್ತಿ ಬಂದು ಬಲೆಗೆ ಬಿದ್ದಳು. ನಿರ್ದೇಶಕರು ಕಾಲು ಭದ್ರವಾಗಿ ಹಿಡಿದುಕೊಂಡರು. ಅವಳ ದುಂಡನೆಯ ಕಣ್ಣು ನೋಡಿ ಸ್ಟೋರಣ್ಣನ ಕನ್ನಡಕಕ್ಕೆ ಆವಿ ಹಿಡಿಯಿತು. “ಬೇಗ, ಬೇಗ!” ಎಂದರು ನಿರ್ದೇಶಕರು. ಅವನು ಜೇಬಿಗೆ ಕೈ ಹಾಕಿ, ಬೆರಳಿಗೆ ಸಿಕ್ಕ ಉಂಗುರ ತೆಗೆದು, ಕಾಲಿಗೆ ಸಿಕ್ಕಿಸಿ, ಇಕ್ಕಳದಲ್ಲಿ ಅದುಮಿದ. ಎಷ್ಟು ಸುಲಭವಾಗಿ ಮುಚ್ಚಿಕೊಂಡಿತೆಂದರೆ ತನ್ನ ಕೈಚಳಕಕ್ಕೆ ತಾನೇ ಬೆರಗಾದ. ಮಹಾರಾಯ್ತಿ ಅವನ ಬೆರಳನ್ನು ಒಮ್ಮೆ ಕಚ್ಚಿ, ಕತ್ತಲಿಗೆ ಹಾರಿಹೋದಳು.

ಮಾರನೆಯ ದಿನ ಊಟದ ಹೊತ್ತಿಗೆ ಅವನು ಅಕ್ಕಸಾಲಿಗನ ಅಂಗಡಿಗೆ ಹೋಗಿ ಗತ್ತಿನಿಂದ ಉಂಗುರ ಮುಂದಿಟ್ಟ. ಅಕ್ಕಸಾಲಿಗ ಕಣ್ಣಿಗೆ ಭೂತಗನ್ನಡಿ ಏರಿಸಿ ನೋಡಿದ. ತಿರುಗಿಸಿ ನೋಡಿದ. ಆಮೇಲೆ ಸ್ಟೋರಣ್ಣನ ಮುಖ ನೋಡಿದ.

“ಸ್ವಾಮಿ, ಇದು ಚಿನ್ನ ಅಲ್ಲ.”

“ರೀ, ಮದುವೆ ಉಂಗುರ ರೀ ಅದು!”

“ಇರಬಹುದು. ಆದ್ರೆ ಇದರ ಮೇಲೆ ನಂಬರಿದೆ. ಸಿಕ್ಕಿದವರು ಈ ವಿಳಾಸಕ್ಕೆ ತಿಳಿಸಿ ಅಂತ ಬೇರೆ ಬರೆದಿದೆ. ಯಜಮಾನರು ಆಗಾಗ ಕಳೆದುಹೋಗ್ತೀರಾ?”

ಸ್ಟೋರಣ್ಣ ಉಂಗುರ ಕಸಿದುಕೊಂಡ. ಜೇಬು ತಡಕಿದ, ಜೇಬನ್ನೇ ಹೊರಗೆಳೆದ. ಒಂದು ಒಣಗಿದ ಎಲೆ ಬಿತ್ತು, ಅಷ್ಟೆ. ಹೆಂಡತಿಯ ಉಂಗುರ ತೋಪಿನ ಯಾವುದೋ ಮರದ ಮೇಲೆ, ಇನ್ನೊಬ್ಬಳ ಕಾಲಿನಲ್ಲಿತ್ತು.

ಮನೆ ಹತ್ತಿರವೇ ಇತ್ತು. ಅವನು ಮಹಡಿಯ ಮೆಟ್ಟಿಲ ಮೇಲೆ ಕೂತು, ಹೆಂಡತಿಗೆ ಕೇಳಬಾರದೆಂದು ಗೋಡೆಗೆ ಮುಖ ಮಾಡಿ, ನಿರ್ದೇಶಕರಿಗೆ ಫೋನ್ ಮಾಡಿದ. ಕೆಳಮನೆಯಲ್ಲಿದ್ದವರು ಓನರಮ್ಮ. ಮೆಟ್ಟಿಲ ಕೆಳಗೆ ಬಟ್ಟೆ ಒಣಹಾಕುವ ನೆಪದಲ್ಲಿ ಇಡೀ ಬೀದಿಯ ಸಮಾಚಾರ ಒಣಗಿಸುವುದು ಅವರ ದಿನಚರಿ. ಒದ್ದೆ ಹೊದಿಕೆಯ ಹಿಂದೆ ನಿಂತ ಅವರ ಕಿವಿಗೆ ಬಿದ್ದ ಮಾತುಗಳು ಇಷ್ಟು.

“ಸಾರ್, ದೊಡ್ಡ ಎಡವಟ್ಟಾಗಿದೆ. ನಿನ್ನೆ ಸಂಜೆ ನನ್ನ ಹೆಂಡತಿ ಉಂಗುರನ ಅವಳಿಗೆ ತೊಡಿಸಿಬಿಟ್ಟಿದ್ದೀನಿ... ಹೌದು ಸಾರ್, ಚಿನ್ನದ್ದೇ... ಅವಳ ಕಣ್ಣು ನೋಡ್ತಾ ನೋಡ್ತಾ ನನಗೆ ಏನೂ ಕಾಣಿಸಲಿಲ್ಲ ಸಾರ್... ಇಲ್ಲ, ಹೆಂಡತಿಗೆ ಹೇಳಿಲ್ಲ. ಮಾತು ಕೊಟ್ಟಿದ್ದೀನಲ್ಲ... ಇವತ್ತು ಸಂಜೆ ಮತ್ತೆ ಬರ್ತಾಳಾ? ನಾನೂ ಬರ್ತೀನಿ.”

ಹೊದಿಕೆ ಒಣಗುವ ಮೊದಲೇ ಸುದ್ದಿ ಮಹಡಿ ಹತ್ತಿತ್ತು.

ಅತ್ತ ನಿರ್ದೇಶಕರಿಗೆ ಬೇರೆಯದೇ ಚಿಂತೆ. ಚಿನ್ನ ಭಾರವಾಗಿ ಅವಳ ಹಾರಾಟಕ್ಕೆ ತೊಂದರೆಯಾದರೆ ಏನು ಗತಿ? ಆ ಸಂಜೆ ಇಬ್ಬರೂ ಬಲೆ ಕಟ್ಟಿ ಕಾದರು. ಮಹಾರಾಯ್ತಿ ಬರಲಿಲ್ಲ. ಸ್ಟೋರಣ್ಣ ಕಾಲೆಳೆದುಕೊಂಡು ಮನೆಗೆ ಬಂದರೆ ನಡುಮನೆಯಲ್ಲಿ ಕುರ್ಚಿಗಳು ಕೋರ್ಟಿನಂತೆ ಸಾಲಾಗಿದ್ದವು. ಒಂದರಲ್ಲಿ ಓನರಮ್ಮ. ಒಂದರಲ್ಲಿ ಹೆಂಡತಿ, ಕಣ್ಣು ಕೆಂಪು. ನಡುವಿನ ದೊಡ್ಡ ಕುರ್ಚಿಯಲ್ಲಿ ಹೊಸ ಕೋಟು ತೊಟ್ಟ ಷಡ್ಡಕ.

ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ವಕೀಲರೊಬ್ಬರ ಹತ್ತಿರ ಗುಮಾಸ್ತ. ಆ ವಕೀಲರು ಕೋರ್ಟಿನಲ್ಲಿ ವಾದಿಸಿದ್ದಕ್ಕಿಂತ ಹೆಚ್ಚು ಇವನು ನೆಂಟರ ಮನೆಗಳಲ್ಲಿ ವಾದಿಸಿದ್ದ. ತನ್ನ ಹೆಂಡತಿಯ ತಂಗಿಯ ಗಂಡ ಬೂಟು ಎಣಿಸುವವನು ಎಂಬುದು ಅವನಿಗೆ ಸದಾ ಸಂತೋಷದ ವಿಷಯವಾಗಿತ್ತು.

“ಕೂತ್ಕೊಬೇಡ, ನಿಂತೇ ಇರು” ಎಂದ ಷಡ್ಡಕ. “ಕೇಳಿದ್ದಕ್ಕೆ ಹೌದು ಇಲ್ಲ ಅಂತ ಮಾತ್ರ ಹೇಳ್ಬೇಕು. ನಿನ್ನೆ ಸಂಜೆ ನೀನು ಉಂಗುರ ತೊಡಿಸಿದ್ದು ನಿಜವೋ ಅಲ್ವೋ?”

“ಹೌದಣ್ಣ, ಆದ್ರೆ...”

“ಆದ್ರೆ ಗೀದ್ರೆ ಬೇಡ. ಯಾರಿಗೆ?”

“ಹೌದು ಇಲ್ಲ ಅಂತ ಮಾತ್ರ ಹೇಳು ಅಂದ್ರಿ. ಯಾರಿಗೆ ಅನ್ನೋದಕ್ಕೆ ಹೌದು ಅಂತ ಹೆಂಗೆ ಹೇಳ್ಲಿ?”

ಹೆಂಡತಿಗೆ ತಡೆಯಲಾಗಲಿಲ್ಲ. ಎದ್ದು ನಿಂತು ಕೂಗಿದಳು. “ಯಾವಳ್ರೀ ಅವಳು? ಯಾವ ಗೂಬೆ?”

ಸ್ಟೋರಣ್ಣ ಒಂದು ಹೆಜ್ಜೆ ಹಿಂದೆ ಸರಿದ. ಇಷ್ಟು ಜೋಪಾನವಾಗಿ ಹೊಟ್ಟೆಯಲ್ಲಿಟ್ಟುಕೊಂಡ ಗುಟ್ಟು ಇವಳಿಗೆ ಹೇಗೆ ಗೊತ್ತಾಯಿತು? “ಗೂಬೆ ಅಂತ ನಿನಗೆ ಯಾರು ಹೇಳಿದ್ರು?” ಎಂದ.

“ನೋಡಿದ್ರಾ! ಒಪ್ಕೊಂಡ್ರು!” ಎಂದು ಓನರಮ್ಮ ಕೆನ್ನೆಗೆ ಕೈ ಹಚ್ಚಿದರು.

“ಎಲ್ಲಿರ್ತಾಳೆ ಅವಳು?” ಷಡ್ಡಕ ಗುಡುಗಿದ.

“ಅದೊಂದು ಕೇಳ್ಬೇಡಿ ಅಣ್ಣ. ಜಾಗ ಹೇಳಿದ್ರೆ ಜನ ಮುತ್ಕೋತಾರೆ.”

“ಜನ ಮುತ್ಕೋತಾರಾ! ಅಂಥವಳಾ! ನಿಮ್ಮ ಆಫೀಸಲ್ಲಿ ಇದೆಲ್ಲ ಗೊತ್ತಾ?”

“ನಿರ್ದೇಶಕರಿಗೆ ಮಾತ್ರ ಗೊತ್ತು. ಅವರೇ ಅವಳನ್ನ ಹಿಡ್ಕೊಂಡಿದ್ದು, ನಾನು ಉಂಗುರ ಹಾಕಿದ್ದು.”

ಷಡ್ಡಕ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಇಷ್ಟು ವರ್ಷದ ಅನುಭವದಲ್ಲಿ ಇಂಥ ಕೇಸು ಅವನ ಕೈಗೆ ಸಿಕ್ಕಿರಲಿಲ್ಲ. ಮುಂದೇನು ಕೇಳಬೇಕೆಂದು ತೋಚದೆ, “ಎಲ್ಲಾದಕ್ಕೂ ನೀನೇ ಹೊಣೆ” ಎಂದುಬಿಟ್ಟ.

“ನೋಡಿ, ನೋಡಿ, ಸುಮ್ಮನೆ ನನ್ನ ತಲೆ ಮೇಲೆ ಗೂಬೆ ಕೂರಿಸಬೇಡಿ!” ಎಂದು ಸ್ಟೋರಣ್ಣ ಅಭ್ಯಾಸಬಲದಿಂದ ಹೇಳಿದ. ಈ ಸಲ ಆ ಮಾತು ಯಾರಿಗೂ ಹಿಡಿಸಲಿಲ್ಲ.

ಹೆಂಡತಿ ಅಳು ನುಂಗಿಕೊಂಡು ಹತ್ತಿರ ಬಂದಳು. “ನೋಡಿ, ನಿಮಗೆ ಒಬ್ಬಳನ್ನೇ ಸಂಭಾಳಿಸೋಕೆ ಬರಲ್ಲ, ಇನ್ನೊಬ್ಬಳು ಎಲ್ಲಿಂದ ಬರ್ಬೇಕು ಅಂತ ಮಧ್ಯಾಹ್ನ ಈ ಓನರಮ್ಮನಿಗೆ ನಾನೇ ಹೇಳ್ದೆ. ಆದ್ರೆ ನನ್ನ ಉಂಗುರ ಎಲ್ಲಿ? ಅದನ್ನ ಹೇಳಿ ಸಾಕು.”

ಹೇಳಿದರೆ ಕೊಟ್ಟ ಮಾತು ಹೋಗುತ್ತದೆ. ಪಕ್ಕದಲ್ಲಿ ಓನರಮ್ಮ ಬೇರೆ ಕಿವಿ ನಿಮಿರಿಸಿ ಕೂತಿದ್ದಾರೆ, ಬೆಳಗಾಗುವಷ್ಟರಲ್ಲಿ ತೋಪಿನ ತುಂಬ ಕ್ಯಾಮರಾ. ಹೇಳದಿದ್ದರೆ ಹೆಂಡತಿ ಹೋಗುತ್ತಾಳೆ. ಸ್ಟೋರಣ್ಣ ಇಂಗು ತಿಂದ ಮಂಗನಂತೆ ನಿಂತ. ಕೊನೆಗೆ, “ತಂದುಕೊಡ್ತೀನಿ ಕಣೇ. ಅವಳು ಸಿಕ್ಕಿದ ತಕ್ಷಣ ಬಿಚ್ಚಿಸ್ಕೊಂಡು ಬರ್ತೀನಿ” ಎಂದ.

ಕೋಣೆಯ ಬಾಗಿಲು ಧಡಾರನೆ ಮುಚ್ಚಿತು. ಒಳಗಿನಿಂದ ಮಾತು ಬಂತು. “ಉಂಗುರ ತರೋವರೆಗೂ ಚಹಾ ನೀವೇ ಮಾಡ್ಕೊಳ್ಳಿ.”

ಮರುದಿನ ಬೆಳಗ್ಗೆ ಅವನು ಮಾಡಿಕೊಂಡ. ಸಕ್ಕರೆಯೆಂದು ಹಾಕಿದ್ದು ಉಪ್ಪು. ಅದನ್ನೇ ಶಿಕ್ಷೆಯೆಂದು ಕುಡಿದು, ಹೆಂಡತಿಗೆ ಸ್ವಲ್ಪವಾದರೂ ಸಮಾಧಾನವಾಗಲಿ ಎಂದು ಅವಳು ಹೆಣೆದ ಕುಚ್ಚಿನ ಟೋಪಿ ಹಾಕಿಕೊಂಡು ಹೊರಟ. ಅವಳು ಕಿಟಕಿಯಿಂದ ನೋಡಿದಳು. ಅಷ್ಟಕ್ಕೇ ಅವನು ಆ ದಿನವಿಡೀ ಟೋಪಿ ತೆಗೆಯಲಿಲ್ಲ.

ಸಂಜೆ ಬಾಡಿಗೆ ಕಾರೊಂದು ಕೇಂದ್ರದ ಗೇಟಿಗೆ ಬಂತು. ಮುಂದೆ ಷಡ್ಡಕ, ಹಿಂದೆ ಹೆಂಡತಿ ಮತ್ತು ಓನರಮ್ಮ. ಓನರಮ್ಮನನ್ನು ಯಾರೂ ಕರೆದಿರಲಿಲ್ಲ, ಕಾರಿನ ಬಾಗಿಲು ತೆಗೆದಾಗ ಅವರು ಆಗಲೇ ಒಳಗೆ ಕೂತಿದ್ದರು. ಗೇಟಿನಲ್ಲಿ ನಿರ್ದೇಶಕರು ಯಾರಿಗೋ ಕಾಯುತ್ತಿದ್ದರು. ಬಲೆಯ ಕೆಲಸಕ್ಕೆ ನಂಬಿಕಸ್ಥ ಸ್ವಯಂಸೇವಕರು ಮೂವರು ಬರುವುದಿತ್ತು. ಇವರೂ ಮೂವರಿದ್ದರು. ನಿರ್ದೇಶಕರಿಗೆ ಅಷ್ಟೇ ಸಾಕಾಯಿತು.

“ಬನ್ನಿ ಬನ್ನಿ. ಅವಳಿಗೋಸ್ಕರ ಬಂದವರಲ್ವಾ?”

“ಹೌದು” ಎಂದ ಷಡ್ಡಕ ಎದೆ ಸೆಟೆಸಿ. “ಅವಳನ್ನ ಹಿಡಿಯೋಕೇ ಬಂದಿರೋದು.”

“ಒಳ್ಳೇದಾಯ್ತು, ಕೈ ಸಾಲ್ದೆ ಒದ್ದಾಡ್ತಿದ್ವಿ! ಆದ್ರೆ ಒಂದು ಮಾತು. ಹಿಡಿಯೋವಾಗ ಎರಡೂ ಕಾಲು ಗಟ್ಟಿಯಾಗಿ ಹಿಡ್ಕೊಬೇಕು. ಉಗುರು ಬಹಳ ಚೂಪು.”

“ಉಗುರು ಬೇರೆ ಬಿಟ್ಟಿದ್ದಾಳಾ!” ಎಂದರು ಓನರಮ್ಮ. “ನಾನು ಅಂದ್ಕೊಂಡೆ.”

ಹೆಂಡತಿ ಒಣಗಿದ ದನಿಯಲ್ಲಿ ಕೇಳಿದಳು. “ಸ್ಟೋರಿನವರು ಅವಳಿಗೆ ಉಂಗುರ ಹಾಕಿದ್ದು ನಿಮ್ಮ ಮುಂದೇನಾ?”

“ನನ್ನ ಮುಂದೇನೇ! ಸ್ವಲ್ಪ ಒದ್ದಾಡಿದ್ಲು, ಅವರ ಬೆರಳು ಕಚ್ಚಿದ್ಲು, ಆಮೇಲೆ ಸುಮ್ಮನಾದ್ಲು. ಅವರ ಕೈ ಹಗುರ ನೋಡಿ. ಅವಳೊಬ್ಬಳೇ ಅಲ್ಲ, ಈ ವಾರದಲ್ಲಿ ಎಷ್ಟು ಜನಕ್ಕೆ ತೊಡಿಸಿದ್ದಾರೆ! ಬಂದವರಲ್ಲಿ ಒಬ್ಬಳಂತೂ ಹೋದ ವರ್ಷ ಇಲ್ಲೇ ಉಂಗುರ ಹಾಕಿಸ್ಕೊಂಡವಳು. ಈ ಸಲ ಸಂಸಾರ ಸಮೇತ ಬಂದಿದ್ದಾಳೆ.”

ಓನರಮ್ಮ ಗೇಟಿನ ಕಂಬ ಹಿಡಿದುಕೊಂಡರು. ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, “ಎಲ್ಲಿದ್ದಾರೆ ಅವರು?” ಎಂದಳು. ಆ ದನಿ ಕೇಳಿದ್ದರೆ ಸ್ಟೋರಣ್ಣ ಕೆರೆಗೆ ಹಾರಿ ಬಾತುಗಳ ನಡುವೆ ಅಡಗಿಕೊಳ್ಳುತ್ತಿದ್ದ.

“ಶ್! ಮೆಲ್ಲಗೆ ಬನ್ನಿ. ಗಲಾಟೆ ಮಾಡಿದ್ರೆ ಅವಳು ಬರಲ್ಲ” ಎಂದು ನಿರ್ದೇಶಕರು ತುದಿಗಾಲಲ್ಲಿ ಹೊರಟರು. ಒಣ ಎಲೆಗಳು ಚರಪರ ಎನ್ನುತ್ತಿದ್ದವು. ಬೆಳಕು ಮಸಕಾಗುತ್ತಿತ್ತು. ತೋಪಿನ ನಡುವೆ ಒಂದು ಬೋಳು ಮರದ ಕೆಳಗೆ ಸ್ಟೋರಣ್ಣ ಕುಚ್ಚಿನ ಟೋಪಿ ಹಾಕಿಕೊಂಡು, ಕೈಯಲ್ಲಿ ಇಕ್ಕಳ ಹಿಡಿದು, ಮೇಲೆ ನೋಡುತ್ತ ಗೋಗರೆಯುತ್ತಿದ್ದ.

“ಬಾರೇ, ನಮ್ಮಮ್ಮ. ನಿನ್ನ ಕಾಲಿಗೆ ಬೀಳ್ತೀನಿ. ಆ ಉಂಗುರ ನಿನ್ನದಲ್ಲ ಕಣೇ. ನಿನಗೆ ಬೇರೆ ತಂದಿದ್ದೀನಿ, ಅಚ್ಚುಕಟ್ಟಾಗಿ ನಂಬರ್ ಹಾಕಿರೋದು. ಅದನ್ನ ಕೊಟ್ಟುಬಿಡೇ. ನನ್ನ ಹೆಂಡತಿ ನಿನ್ನೆ ರಾತ್ರಿಯಿಂದ ಮುಖ ಕೊಟ್ಟು ಮಾತಾಡಿಲ್ಲ. ಅವಳು ಮಾತಾಡದಿದ್ರೆ ನನಗೆ ಮನೇಲಿ ಯಾವ ಡಬ್ಬಿ ಎಲ್ಲಿದೆ ಅಂತಾನೂ ಗೊತ್ತಾಗಲ್ಲ. ಅವಳಿಲ್ದೆ ನನ್ನ ಕೈಲಾಗಲ್ಲ ಕಣೇ.”

ಹೆಂಡತಿ ಅಲ್ಲೇ ನಿಂತುಬಿಟ್ಟಳು. ಇಷ್ಟು ವರ್ಷದಲ್ಲಿ ಈ ಮಾತನ್ನು ಅವನು ಅವಳಿಗೆ ಹೇಳಿರಲಿಲ್ಲ.

ಷಡ್ಡಕ ನಿಲ್ಲಲಿಲ್ಲ. “ಸಿಕ್ಕಿಬಿದ್ದ! ರೆಡ್ ಹ್ಯಾಂಡಾಗಿ ಸಿಕ್ಕಿಬಿದ್ದ! ಎಲ್ಲಿ ಅವಳು?” ಎಂದು ಕೂಗುತ್ತ ಮುನ್ನುಗ್ಗಿದ. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಗಾಳಿಯೇ ಅವನನ್ನು ಹಿಡಿದು ನಿಲ್ಲಿಸಿದಂತಾಯಿತು. ಕಣ್ಣಿಗೆ ಕಾಣದ ಬಲೆಯಲ್ಲಿ ಕೈ ಸಿಕ್ಕಿತು, ಬಿಡಿಸಲು ಹೋದರೆ ಕಾಲು ಸಿಕ್ಕಿತು, ಕೊಸರಾಡಿದರೆ ಕೋಟು ಪರ್‍ರೆಂದಿತು. ಅದನ್ನು ಕಂಡು ಓನರಮ್ಮ, “ಅಯ್ಯಯ್ಯೋ, ಹಿಡಿದುಬಿಟ್ಲು, ಅವರನ್ನೂ ಹಿಡಿದುಬಿಟ್ಲು!” ಎಂದು ಮರದ ಬುಡದಲ್ಲಿ ಕೂತು ಬೊಬ್ಬೆಯಿಟ್ಟರು.

ನಿರ್ದೇಶಕರು ಅಭ್ಯಾಸದಂತೆ ಬಟ್ಟೆಯ ಚೀಲ ಹಿಡಿದು ಓಡಿಬಂದರು. ಮಸಕು ಬೆಳಕಿನಲ್ಲಿ ಬಗ್ಗಿ ನೋಡಿ, “ಛೆ, ಇದಕ್ಕೆ ಆಗೋ ಉಂಗುರ ನಮ್ಮಲ್ಲಿಲ್ಲ” ಎಂದರು.

ಆಗಲೇ ತಲೆಯ ಮೇಲೆ ಸದ್ದಿಲ್ಲದೆ ಏನೋ ಹಾದುಹೋಯಿತು. ಒಂದು ಸುತ್ತು ಹಾಕಿತು. ಬೋಳು ಮರದ ಕೆಳಗೆ ನಿಂತವನ ನೆತ್ತಿಯಲ್ಲಿ ಬೂದು ಬಣ್ಣದ ದಪ್ಪ ಇಲಿಯೊಂದು ಗಾಳಿಗೆ ಅಲ್ಲಾಡುತ್ತಿರುವುದು ಅದಕ್ಕೆ ಕಂಡಿತು. ರೆಕ್ಕೆ ಮಡಿಸಿ ನೇರವಾಗಿ ಇಳಿದು, ಎರಡೂ ಕಾಲಿನಲ್ಲಿ ಕುಚ್ಚನ್ನು ಭದ್ರವಾಗಿ ಹಿಡಿದು, ಸ್ಟೋರಣ್ಣನ ತಲೆಯ ಮೇಲೆ ಠೀವಿಯಿಂದ ಕೂತಿತು.

ಬಲೆಯೊಳಗಿನ ಷಡ್ಡಕನೂ ಕೊಸರಾಟ ನಿಲ್ಲಿಸಿದ. ಮಹಾರಾಯ್ತಿ ತನ್ನ ದುಂಡು ಮುಖವನ್ನು ಒಬ್ಬೊಬ್ಬರ ಕಡೆಗೂ ನಿಧಾನವಾಗಿ ತಿರುಗಿಸಿದಳು. ನಿರ್ದೇಶಕರ ಟಾರ್ಚಿನ ಬೆಳಕಿನಲ್ಲಿ ಅವಳ ಬಲಗಾಲಿನಲ್ಲಿ ಚಿನ್ನ ಫಳಕ್ಕೆಂದಿತು.

ಸ್ಟೋರಣ್ಣ ಕತ್ತು ಅಲ್ಲಾಡಿಸದೆ ಕಣ್ಣು ಮಾತ್ರ ಹೊರಳಿಸಿ ಹೆಂಡತಿಯನ್ನು ಕಂಡ. “ಇವಳೇ...” ಎಂದ ಕ್ಷೀಣ ದನಿಯಲ್ಲಿ. “ಇವಳೇ ಅವಳು.”

ಹೆಂಡತಿ ಗೂಬೆಯನ್ನು ನೋಡಿದಳು. ಉಂಗುರ ನೋಡಿದಳು. ಟೋಪಿಯ ಕೆಳಗಿನ ಬೆವತ ಮುಖ ನೋಡಿದಳು. ನಿನ್ನೆಯಿಂದ ತಡೆದ ಅಳು ಗಂಟಲಲ್ಲೇ ತಿರುಗಿ ನಗುವಾಗಿ ಹೊರಬಂತು.

“ಈ ಗೂಬೆನ ನಾನು ಕೂರಿಸಿದ್ದಲ್ಲ ರೀ,” ಎಂದಳು. “ನೀವೇ ಕೂರಿಸ್ಕೊಂಡಿದ್ದು. ನಾಳೆಯಿಂದ ಆ ಮಾತು ನಮ್ಮನೇಲಿ ಕೇಳಿಸಕೂಡದು.”

ನಿರ್ದೇಶಕರು ಹಿಂದಿನಿಂದ ಬಂದು ಚೀಲ ಹಾಕಿ ಮಹಾರಾಯ್ತಿಯನ್ನು ಹಿಡಿದುಕೊಂಡರು. ಇಕ್ಕಳದಿಂದ ಚಿನ್ನದ ಉಂಗುರದ ಬಾಯಿ ಬಿಡಿಸಿ ತೆಗೆದದ್ದಾಯಿತು. ನಂಬರಿನ ಉಂಗುರವನ್ನು ಹೆಂಡತಿಯೇ ತೊಡಿಸಿದಳು; ಗಂಡನ ಕೈಗೆ ಇನ್ನೊಮ್ಮೆ ಕೊಡಲು ಅವಳಿಗೆ ಧೈರ್ಯವಿರಲಿಲ್ಲ. ಮಹಾರಾಯ್ತಿ ಕತ್ತಲಿಗೆ ಹಾರಿಹೋದಳು. ಹೋಗುವಾಗ ಟೋಪಿಯ ಕುಚ್ಚನ್ನು ಕಿತ್ತುಕೊಂಡೇ ಹೋದಳು. ಷಡ್ಡಕನನ್ನು ಬಲೆಯಿಂದ ಬಿಡಿಸುವ ಮೊದಲು, ಗೂಬೆಯ ವಿಷಯ ಯಾರಿಗೂ ಹೇಳುವುದಿಲ್ಲ ಎಂದು ನಿರ್ದೇಶಕರು ಅವನಿಂದ ಆಣೆ ಮಾಡಿಸಿಕೊಂಡರು. ಓನರಮ್ಮ ತಾವಾಗಿಯೇ ಆಣೆ ಮಾಡಿದರು, ಆಮೇಲೆ ಹೊಟ್ಟೆ ಉಬ್ಬರಿಸುತ್ತಿದೆ ಎಂದು ಅಲ್ಲೇ ನರಳತೊಡಗಿದರು.

ಸ್ಟೋರಣ್ಣ ಅಂಗೈಯಲ್ಲಿ ಉಂಗುರ ಹಿಡಿದು ನಿಂತಿದ್ದ. “ನಾಳೆ ಅಕ್ಕಸಾಲಿಗನ ಹತ್ರ ಬೆಸೆಸ್ಕೊಂಡು...”

“ನಾಳೆ ಅಂದ್ರೆ ನೋಡಿ!” ಎಂದು ಹೆಂಡತಿ ಬೆರಳು ಚಾಚಿದಳು.

ಅವನು ಉಂಗುರವನ್ನು ಆ ಬೆರಳಿಗೆ ಸಿಕ್ಕಿಸಿ ಮೆಲ್ಲಗೆ ಅದುಮಿದ. ಮೆತ್ತನೆಯ ಚಿನ್ನ ಮುಚ್ಚಿಕೊಂಡಿತು. ಬಿಗಿಯಿಲ್ಲ, ಸಡಿಲವಿಲ್ಲ. “ಸರಿಯಾಗಿದೆ!” ಎಂದು ಅವನು ಹಿಗ್ಗಿದ. “ಅವಳ ಕಾಲೂ ನಿನ್ನ ಬೆರಳೂ ಒಂದೇ...” ಅಷ್ಟು ಹೇಳಿ ಹೆಂಡತಿಯ ಮುಖ ನೋಡಿದ, ಮಾತು ನುಂಗಿದ. ಮದುವೆಯಾದ ಮೇಲೆ ಅವನು ಸಮಯಕ್ಕೆ ಸರಿಯಾಗಿ ಬಾಯಿ ಮುಚ್ಚಿದ್ದು ಅದೇ ಮೊದಲು.

ಪಕ್ಕದಲ್ಲಿ ಪೆನ್ನು ಹಿಡಿದು ಮಹಾರಾಯ್ತಿಯ ತೂಕ ಬರೆಯುತ್ತಿದ್ದ ನಿರ್ದೇಶಕರಿಗೆ ಉಂಗುರ ಮುಚ್ಚಿಕೊಂಡ ಸದ್ದು ಕೇಳಿಸಿತು. ತಲೆಯೆತ್ತದೆ, ಎಂದಿನಂತೆ ಕೇಳಿದರು.

“ನಂಬರ್?”

“ಒಂದು,” ಎಂದಳು ಹೆಂಡತಿ. “ಒಂದೇ ಅಂತ ಬರ್ಕೊಳ್ಳಿ. ಎರಡು ಇಲ್ಲ.”

ನಿರ್ದೇಶಕರು ಹಾಗೆಯೇ ಬರೆದುಕೊಂಡರು.